ತಲೆಯ ಎಣ್ಣೆಯೂ ಕಿಸೆಯ ಕಾಸೂ

ಪರಸ್ಥಳದಲ್ಲಿ ದುಡಿದು ಬಾಳುವ ಕನ್ನಡಿಗನ ಸಂಬಳದಲ್ಲಿ ಕೋಣೆಯ ಬಾಡಿಗೆ, ರೈಲಿನ ಪಾಸು, ಊರಿಗೆ ಕಳುಹಿಸುವ ಹಣ ಇವಿಷ್ಟು ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಅತ್ಯಲ್ಪ. ಆ ಅತ್ಯಲ್ಪದಲ್ಲಿಯೂ ಒಂದು ಪಾಲನ್ನು ಈಗ ತಲೆಗೂದಲಿನ ಚಿಂತೆಯು ಕಬಳಿಸತೊಡಗಿದೆ. ಮುಂಬಯಿಯ ಹೋಟೆಲಿನ ಮಾಣಿಯಿರಲಿ, ಪುಣೆಯ ಕಚೇರಿಯ ಗುಮಾಸ್ತನಿರಲಿ, ಹಣೆಯ ಮೇಲಿನ ಕೂದಲು ಹಿಂದೆ ಸರಿಯತೊಡಗಿದೊಡನೆ ಬಣ್ಣದ ಸೀಸೆಗಳ ಮೊರೆಹೋಗುತ್ತಾನೆ. ಊರಿನಿಂದ ತಂದ ತೆಂಗಿನೆಣ್ಣೆ ಮೂಲೆಗೆ ಬೀಳುತ್ತದೆ. ಇದೇನು ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ನಗುವವರು ನಗಲಿ. ಬೆವರು ಸುರಿಸಿ ಗಳಿಸಿದ ಕಾಸು ಯಾವ ದಾರಿಯಿಂದ ಸೋರಿಹೋಗುತ್ತಿದ್ದರೂ ಅದು ಚರ್ಚೆಗೆ ಯೋಗ್ಯವಾದ ವಿಷಯವೆಂದೇ ನಾವು ಬಗೆಯುತ್ತೇವೆ.

ತೆಂಗಿನೆಣ್ಣೆಗೆ ಗುಣವುಂಟು; ಅದು ಬರಿಯ ಅಜ್ಜಿಯರ ನಂಬಿಕೆಯಲ್ಲ. 2003ರಲ್ಲಿ ಪ್ರಕಟವಾದ ಮುಂಬಯಿಯ ಒಂದು ಪರೀಕ್ಷೆಯಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನು ಕೂದಲಿನ ಮೇಲೆ ಪ್ರಯೋಗಿಸಿ ನೋಡಲಾಯಿತು. ತೊಳೆಯುವಾಗಲೂ ಬಾಚುವಾಗಲೂ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಗಣನೀಯವಾಗಿ ತಗ್ಗಿಸಿದುದು ತೆಂಗಿನೆಣ್ಣೆಯೊಂದೇ. ಪರೀಕ್ಷಿಸಿದವರು ಎಣ್ಣೆ ಮಾರುವ ಸಂಸ್ಥೆಯವರೇ ಆಗಿದ್ದರೆಂಬುದನ್ನು ನಾವು ಮರೆಯಬೇಕಾಗಿಲ್ಲ. ಆದರೆ ಅವರು ಕೊಟ್ಟ ಕಾರಣ ಸಮಂಜಸವಾಗಿದೆ. ಈ ಎಣ್ಣೆಯಲ್ಲಿ ಸುಮಾರು ಅರ್ಧಪಾಲು ಇರುವ ಲಾರಿಕ್ ಆಮ್ಲದ ಕಣಗಳು ಸಣ್ಣವು, ನೇರವಾದವು. ಆದುದರಿಂದ ಅವು ಕೂದಲಿನ ಎಳೆಯೊಳಗೆ ಇಳಿಯಬಲ್ಲವು. ಉಳಿದೆರಡು ಮೇಲೆಯೇ ನಿಲ್ಲುತ್ತವೆ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ನಮ್ಮ ಹಿರಿಯರ ಪದ್ಧತಿಗೆ ಇದರಿಂದ ಸಮರ್ಥನೆ ದೊರೆಯುತ್ತದೆ.

ಆದರೆ ಈ ಗುಣಕ್ಕೆ ಒಂದು ಎಲ್ಲೆಯೂ ಉಂಟು. ಚರ್ಮದಿಂದ ಹೊರಗೆ ಬಂದ ಕೂದಲು ನಿರ್ಜೀವ ವಸ್ತು. ಎಣ್ಣೆಯು ಅದನ್ನು ಸವೆಯದಂತೆ ಕಾಯಬಲ್ಲುದೇ ಹೊರತು ಬೇರಿಗೆ ಉಣಿಸಲಾರದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ದೇಹದ ಸಹಜಧರ್ಮ. ಗಂಡಸರ ಬೋಳುತನಕ್ಕೆ ವಂಶವೂ ಹಾರ್ಮೋನುಗಳೂ ಕಾರಣ. ಯಾವ ಎಣ್ಣೆಯೂ ಅದನ್ನು ತಡೆಯಲಾರದು. ಟೈಫಾಯಿಡ್, ಡೆಂಗೆಯಂಥ ಜ್ವರದಿಂದ ಎದ್ದವನಿಗೆ ಎರಡು ಮೂರು ತಿಂಗಳ ತರುವಾಯ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಇನ್ನು ಕೆಲವು ತಿಂಗಳಲ್ಲಿ ಅದು ಸಾಮಾನ್ಯವಾಗಿ ತಾನಾಗಿಯೇ ಮತ್ತೆ ಬೆಳೆಯುತ್ತದೆ. ಆದರೆ ಆ ಹೊತ್ತಿಗೆ ಕೈಯಲ್ಲಿ ಯಾವ ಸೀಸೆಯಿತ್ತೋ ಅದಕ್ಕೆ ಕೀರ್ತಿ ಬರುತ್ತದೆ. ಒಬ್ಬನ ಮಾತು ಕೇಳಿ ಕೋಣೆಯ ಹತ್ತು ಮಂದಿ ಅದನ್ನೇ ಕೊಳ್ಳುತ್ತಾರೆ!

ಕೊಳ್ಳುವವನು ಸೀಸೆಯ ಮೇಲಿನ ಚೀಟಿಯನ್ನು ಓದತಕ್ಕದ್ದು. ಚಿಕ್ಕ ಸೀಸೆಯ ತೆಂಗಿನೆಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. 2024ರ ಡಿಸೆಂಬರಿನಲ್ಲಿ ಮೂವರ ಪೀಠವು, ಸೀಸೆ ಚಿಕ್ಕದೆಂಬ ಮಾತ್ರಕ್ಕೆ ಶುದ್ಧ ತೆಂಗಿನೆಣ್ಣೆ ಕೇಶತೈಲವಾಗದೆಂದು ತೀರ್ಮಾನಿಸಿತು. ಆಗ ಅಡುಗೆ ಎಣ್ಣೆಗೆ ನೂರಕ್ಕೆ 5, ಕೇಶತೈಲಕ್ಕೆ 18 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲಕ್ಕೂ 5 ಆಯಿತು. ತೆರಿಗೆಯ ಭೇದ ಅಳಿದರೂ ವಸ್ತುವಿನ ಭೇದ ಅಳಿದಿಲ್ಲ. ಅಡುಗೆಗೆ ತಕ್ಕುದೆಂದು ಚೀಟಿಯಿರುವ ತೆಂಗಿನೆಣ್ಣೆ ಆಹಾರದ ಕಾನೂನಿಗೆ ಒಳಪಟ್ಟುದು. ಕೇಶತೈಲವೆಂಬ ಹೆಸರಿನ ಹಲವು ಸೀಸೆಗಳಲ್ಲಿಯಾದರೋ ಹೆಚ್ಚಿನ ಪಾಲು ಪ್ಯಾರಾಫಿನ್ ಎಂಬ ಖನಿಜ ತೈಲ, ಮೇಲೆ ಒಂದಿಷ್ಟು ಸುಗಂಧ. 2025ರಲ್ಲಿ ಕೊಬ್ಬರಿಯ ಧಾರಣೆ ವಿಪರೀತ ಏರಿದುದರಿಂದ ಅಗ್ಗದ ಬೆರಕೆಯ ಕಡೆಗೆ ಮನಸ್ಸು ಹರಿಯುವುದು ಸಹಜ. ಆದರೆ ತಲೆಗೆ ಬೇಕಾದುದು ವಾರಕ್ಕೆ ಒಂದೆರಡು ಚಮಚ ಮಾತ್ರ. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಅದರ ಸ್ವಭಾವ. ದೆಹಲಿಯ ಬಂಧುಗಳು ಅದು ಕೆಟ್ಟಿತೆಂದು ಎಸೆಯಬಾರದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಎಣ್ಣೆ ಕೊಳ್ಳುವಾಗಲಾದರೂ ಕಣ್ಣು ತೆರೆದಿರಲಿ.

ಅಡುಗೆಮನೆಯಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ಒಲೆಯ ಕಾವು, ಬೆವರು, ಮೇಲೆ ಟೊಪ್ಪಿಗೆ. ಇದರಿಂದ ತಲೆಹೊಟ್ಟು ಹೆಚ್ಚುವುದುಂಟು. ಹೊಟ್ಟಿಗೆ ಸಂಬಂಧಿಸಿದ ಸೂಕ್ಷ್ಮಜೀವಿಗೆ ಜಿಡ್ಡೇ ಆಹಾರ. ಆದುದರಿಂದ ಹೊಟ್ಟು ಇದ್ದವರು ಎಣ್ಣೆ ಹಚ್ಚಿ ಹಗಲಿರುಳು ಹಾಗೆಯೇ ಬಿಡುವುದು ಹಿತವಲ್ಲ. ತುರಿಕೆಯೊಡನೆ ದುಂಡನೆಯ ಬೋಳು ಮಚ್ಚೆ ಕಂಡರೆ ಅದು ಹುಳುಕಡ್ಡಿಯಾಗಿರಬಹುದು. ಅದಕ್ಕೆ ಬೇಕಾದುದು ವೈದ್ಯನ ಔಷಧ, ಎಣ್ಣೆಯಲ್ಲ. ಒಂದೇ ಬಾಚಣಿಗೆಯನ್ನು ಕೋಣೆಯವರೆಲ್ಲ ಬಳಸುವ ಅಭ್ಯಾಸವಂತೂ ಇಂದೇ ನಿಲ್ಲಬೇಕು.

ಹಚ್ಚಿದ ಎಣ್ಣೆಯನ್ನು ಚೆನ್ನಾಗಿ ತೊಳೆಯಲು ಬಿಸಿನೀರೂ ಬಿಡುವೂ ಬೇಕು. ಹಲವರು ಒಂದೇ ನಲ್ಲಿಗೆ ಸಾಲುನಿಲ್ಲುವ ಕೋಣೆಗಳಲ್ಲಿ ಇವೆರಡೂ ದುರ್ಲಭ. ಗಿರಾಕಿಯ ಕಣ್ಣಿಗೆ ತಮ್ಮ ಹುಡುಗರು ಓರಣವಾಗಿ ಕಾಣಬೇಕೆಂದು ಬಯಸುವ ಧಣಿಗಳು, ವಾರದ ರಜೆಯ ದಿನ ಪ್ರತಿಯೊಬ್ಬನಿಗೂ ಒಂದೆರಡು ಬಕೆಟ್ ಬಿಸಿನೀರು ಸಿಗುವ ಏರ್ಪಾಡು ಮಾಡುವುದು ಅಸಾಧ್ಯವೇನಲ್ಲ. ದಿನವಿಡೀ ಒಲೆ ಉರಿಯುವ ಮನೆಯಲ್ಲಿ ಬಿಸಿನೀರಿಗೆ ಬಡತನವೇ? ಊರಿನಲ್ಲಿ ದೀಪಾವಳಿಯ ಮುಂಜಾವ ಮನೆಯವರೆಲ್ಲರಿಗೂ ಎಣ್ಣೆಸ್ನಾನವಾಗುತ್ತದೆ. ಯಾರನ್ನೂ ಬಿಡುವ ಪದ್ಧತಿಯಿಲ್ಲ. ಆ ನೀತಿಯನ್ನು ಧಣಿಗಳು ವಾರಕ್ಕೊಮ್ಮೆ ಇಲ್ಲಿಯೂ ನಡೆಸಲಿ. ದುಡಿಯುವವರು ಸುಳ್ಳು ಭರವಸೆಯ ಸೀಸೆಗೆ ಸುರಿಯುವ ಹಣವನ್ನು ಉಳಿಸಿ ಊರಿಗೆ ಕಳುಹಿಸಲಿ ಎಂದು ನಾವು ಹಾರೈಸುತ್ತೇವೆ.