ಬೀಜ ಮೇಲೋ, ಸೊಪ್ಪು ಮೇಲೋ?

ಕಳೆದ ಮಳೆಗಾಲದ ಒಂದು ಭಾನುವಾರ, ನಮ್ಮೂರ ಶಾಲೆಯ ಜಗಲಿಯಲ್ಲಿ ಸುತ್ತಲಿನ ಮನೆಗಳ ತಾಯಂದಿರು ತಾವು ಅಡುಗೆಗೆ ಬಳಸುವ ಸೊಪ್ಪುಗಳನ್ನು ಬಾಳೆಲೆಯ ಮೇಲೆ ಜೋಡಿಸಿಟ್ಟಿದ್ದರು. ಒಂದೆಲಗ, ತಗಚೆ, ಕೆಸು, ಬಸಳೆ, ಹರಿವೆ, ಹೊನಗೊನ್ನೆ ಎಲ್ಲವೂ ಅಲ್ಲಿದ್ದವು. ಪಟ್ಟಣದ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಆಸಕ್ತಿಯಿಂದ ನೋಡುತ್ತ ಬಂದು, ಕೊನೆಗೆ ಒಬ್ಬ ಹಿರಿಯರನ್ನು ಕೇಳಿದ: "ಅಜ್ಜಿ, ಇದರಲ್ಲಿ ನೀರು ಬಿಟ್ಟರೆ ಏನಿದೆ? ಪ್ರೋಟೀನು, ಶಕ್ತಿ ಎಲ್ಲಾ ಇರೋದು ಬೀಜದಲ್ಲಲ್ವಾ?" ಅಜ್ಜಿ ನಕ್ಕು, "ಮೊದಲು ಊಟ ಮಾಡು ತಮ್ಮಾ, ಆಮೇಲೆ ಹೇಳ್ತೀನಿ" ಎಂದರು.

ಹುಡುಗನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಇಂದು ಪೇಟೆಯ ಅಂಗಡಿಗಳಲ್ಲಿ ಚಿಯಾ, ಅಗಸೆ, ಕುಂಬಳ ಬೀಜಗಳ ಅಂದವಾದ ಪೊಟ್ಟಣಗಳು ಸಾಲಾಗಿ ನಿಂತಿವೆ. ಪ್ರತಿ ಪೊಟ್ಟಣದ ಹಿಂಬದಿಯಲ್ಲೂ ನೂರು ಗ್ರಾಮಿಗೆ ಎಷ್ಟು ಪ್ರೋಟೀನು, ಎಷ್ಟು ಸುಣ್ಣ, ಎಷ್ಟು ಕಬ್ಬಿಣ ಎಂಬ ಲೆಕ್ಕ ಮುದ್ರಿತವಾಗಿದೆ. ನಮ್ಮ ಹಿತ್ತಲಿನ ಹರಿವೆಯ ಬೆನ್ನ ಮೇಲೆ ಅಂಥ ಲೆಕ್ಕವನ್ನು ಯಾರೂ ಅಚ್ಚು ಹಾಕಿಲ್ಲ. ಆದ್ದರಿಂದ ಆ ಲೆಕ್ಕವನ್ನು ನಾವೇ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಭಾರತೀಯ ಆಹಾರಗಳ ಪೋಷಕಾಂಶಗಳನ್ನು ಅಳೆದು ಪಟ್ಟಿ ಮಾಡಿರುವುದು ರಾಷ್ಟ್ರೀಯ ಪೋಷಣಾ ಸಂಸ್ಥೆ. ಇಂದು ಹೈದರಾಬಾದಿನಲ್ಲಿರುವ ಈ ಸಂಸ್ಥೆ 1918ರಲ್ಲಿ ಆರಂಭವಾದದ್ದು ನಮ್ಮ ಹಾಗೆಯೇ ಗುಡ್ಡಗಾಡಾದ ನೀಲಗಿರಿಯ ಕೂನೂರಿನಲ್ಲಿ. ಅದರ ಹಳೆಯ ಪಟ್ಟಿಯ ಪ್ರಕಾರ ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನು ಇದೆ; ನೂರು ಗ್ರಾಂ ಹರಿವೆ ಸೊಪ್ಪಿನಲ್ಲಿ ಕೇವಲ 4 ಗ್ರಾಂ. ಇಷ್ಟನ್ನೇ ನೋಡಿದರೆ ಹುಡುಗ ಗೆದ್ದ. ಆದರೆ ಹುರುಳಿ ಒಣಗಿದ ವಸ್ತು, ಅದರಲ್ಲಿ ನೀರು ನೂರಕ್ಕೆ ಸುಮಾರು 12 ಪಾಲು ಮಾತ್ರ. ಹರಿವೆಯಲ್ಲಿ ನೀರೇ 86 ಪಾಲು. ಎರಡರಿಂದಲೂ ನೀರನ್ನು ಕಳೆದು, ಉಳಿದ ಒಣ ಭಾಗವನ್ನಷ್ಟೇ ಹೋಲಿಸಿದರೆ ಹುರುಳಿಯ ಪ್ರೋಟೀನು ನೂರಕ್ಕೆ 25ರಷ್ಟಾಗುತ್ತದೆ, ಹರಿವೆಯದು 28ರಷ್ಟಾಗುತ್ತದೆ. ಒಣಗಿದ್ದನ್ನು ಹಸಿಯದರೊಡನೆ ತಕ್ಕಡಿಯಲ್ಲಿಟ್ಟರೆ ಹಸಿಯದು ಸೋಲುವುದು ಸಹಜ.

ಹಾಗೆಂದು ಸೊಪ್ಪು ಗೆದ್ದಿತೆಂದು ಬೀಗುವುದೂ ತಪ್ಪು. ನಾವು ಸೊಪ್ಪನ್ನು ಒಣಗಿಸಿ ಉಣ್ಣುವುದಿಲ್ಲ. ಒಂದು ಹೊತ್ತಿನ ಹುರುಳಿಯಿಂದ ಸಿಗುವಷ್ಟು ಪ್ರೋಟೀನನ್ನು ಹರಿವೆಯಿಂದಲೇ ಪಡೆಯಬೇಕಾದರೆ ಬುಟ್ಟಿಗಟ್ಟಲೆ ತಿನ್ನಬೇಕಾದೀತು. ದುಡಿಯುವ ದೇಹಕ್ಕೆ ಬೇಕಾದ ಶಕ್ತಿ, ಕೊಬ್ಬು, ಪ್ರೋಟೀನುಗಳನ್ನು ಕೊಡುವುದು ಬೀಜವೇ. ಅಕ್ಕಿ, ರಾಗಿ, ಬೇಳೆ, ಎಳ್ಳು, ಹಲಸಿನ ಬೀಜ ಎಲ್ಲವೂ ಈ ಸಾಲಿನವೇ.

ಬೀಜದ ಲೆಕ್ಕದಲ್ಲೂ ಒಂದು ಮರೆಮಾಚುವಿಕೆ ಇದೆ. ನೂರು ಗ್ರಾಂ ಎಳ್ಳಿನಲ್ಲಿ 1,450 ಮಿಲಿಗ್ರಾಂ ಸುಣ್ಣವಿದೆ ಎಂದು ಅದೇ ಪಟ್ಟಿ ಹೇಳುತ್ತದೆ. ನುಗ್ಗೆ ಸೊಪ್ಪಿನಲ್ಲಿರುವುದು 440. ಆದರೆ ಒಂದು ದಿನಕ್ಕೆ ನೂರು ಗ್ರಾಂ ಎಳ್ಳು ತಿನ್ನುವವರು ಯಾರು? ಚಟ್ನಿಪುಡಿಯ ಮೂಲಕ ಹತ್ತು ಗ್ರಾಂ ಹೊಟ್ಟೆ ಸೇರಿದರೆ ದೊಡ್ಡದು. ಐವತ್ತು ಗ್ರಾಂ ನುಗ್ಗೆ ಸೊಪ್ಪಿನ ಪಲ್ಯ ಮಾತ್ರ ಯಾರಿಗೂ ಹೆಚ್ಚಲ್ಲ. ಅಲ್ಲದೆ ಎಳ್ಳಿನ ಸುಣ್ಣದ ಬಹುಭಾಗ ಇರುವುದು ಸಿಪ್ಪೆಯಲ್ಲಿ; ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದು ಬಹಳ ಕಡಿಮೆ.

ನಿಜವಾದ ವ್ಯತ್ಯಾಸ ಇರುವುದು ಪ್ರಮಾಣದಲ್ಲಿ ಅಲ್ಲ, ಕೆಲಸದಲ್ಲಿ. ಬೀಜವೆಂದರೆ ಮುಂದಿನ ಗಿಡಕ್ಕಾಗಿ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಅದರಲ್ಲಿ ಪಿಷ್ಟ, ಎಣ್ಣೆ, ಪ್ರೋಟೀನು, ಖನಿಜಗಳು, ಬಿ ಗುಂಪಿನ ಹಲವು ಜೀವಸತ್ವಗಳು ಇವೆ. ಒಣಬೀಜದಲ್ಲಿ ಸಿ ಜೀವಸತ್ವ ಇಲ್ಲವೆನ್ನಬಹುದು. ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲವಾದ ಕ್ಯಾರೋಟೀನು ಅತ್ಯಲ್ಪ. ಎಲೆಯಾದರೋ ಬಿಸಿಲನ್ನು ಹಿಡಿದು ಆಹಾರ ತಯಾರಿಸುವ ಕಾರ್ಖಾನೆ. ಆ ಕೆಲಸಕ್ಕೆ ಬೇಕಾದ ಕ್ಯಾರೋಟೀನು, ಸಿ ಮತ್ತು ಕೆ ಜೀವಸತ್ವಗಳು ಅಲ್ಲಿ ತುಂಬಿರುತ್ತವೆ. ಬೀಜದಲ್ಲಿ ಇಲ್ಲದ್ದು ಎಲೆಯಲ್ಲಿದೆ, ಎಲೆಯಲ್ಲಿ ಸಾಲದ್ದು ಬೀಜದಲ್ಲಿದೆ.

ಇವೆರಡರ ನಡುವಿನ ನಂಟನ್ನು ತಿಳಿಯಲು ನಮ್ಮ ಹೆಣ್ಣುಮಕ್ಕಳ ರಕ್ತಹೀನತೆಯನ್ನು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹುರುಳಿ, ರಾಗಿ, ಅವರೆಗಳಲ್ಲಿ ಕಬ್ಬಿಣವೇನೋ ಇದೆ. ಆದರೆ ಬೀಜವು ತನ್ನ ಖನಿಜಗಳನ್ನು ಫೈಟೇಟ್ ಎಂಬ ಬೀಗದೊಳಗೆ ಇಟ್ಟುಕೊಂಡಿರುತ್ತದೆ. ಮೊಳಕೆ ಬಂದಾಗ, ಹಿಟ್ಟು ಹುಳಿ ಬಂದಾಗ ಆ ಬೀಗ ಸಡಿಲವಾಗುತ್ತದೆ. ಊಟದಲ್ಲಿ ಸಿ ಜೀವಸತ್ವವಿದ್ದರೆ ಕಬ್ಬಿಣ ಇನ್ನೂ ಸುಲಭವಾಗಿ ರಕ್ತ ಸೇರುತ್ತದೆ. ಆ ಸಿ ಜೀವಸತ್ವ ಹಸಿರೆಲೆ, ನೆಲ್ಲಿ, ನಿಂಬೆಗಳಲ್ಲಿದೆ. ಊಟವಾದ ಕೂಡಲೇ ಕುಡಿಯುವ ಚಹಾ, ಕಾಫಿ ಇದಕ್ಕೆ ವಿರುದ್ಧವಾಗಿ ಕಬ್ಬಿಣವನ್ನು ತಡೆಯುತ್ತವೆ. ಕಾಫಿ ನಾಡಿನಲ್ಲಿದ್ದೂ ಈ ಮಾತು ಹೇಳಬೇಕಾಗಿದೆ: ಒಂದು ಗಂಟೆ ಕಳೆದು ಕುಡಿಯೋಣ.

ರಕ್ತಕ್ಕೆ ಬೇಕಾದ ಇನ್ನೊಂದು ಜೀವಸತ್ವ ಫೋಲೇಟ್. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಗರ್ಭಿಣಿಯರಾದ ಬಟ್ಟೆಗಿರಣಿ ಕೆಲಸಗಾರರ ರಕ್ತಹೀನತೆಯನ್ನು ಅಭ್ಯಸಿಸಿ, ಅದು ಆಹಾರದ ಕೊರತೆಯಿಂದ ಬರುತ್ತದೆಂದೂ ಯೀಸ್ಟಿನ ಸಾರದಿಂದ ಗುಣವಾಗುತ್ತದೆಂದೂ ತೋರಿಸಿದರು. ಆ ಜೀವಸತ್ವವನ್ನು 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಹೆಸರಿಟ್ಟರು. ಬೇಳೆಕಾಳುಗಳಲ್ಲೂ ಅದು ಧಾರಾಳವಾಗಿದೆ. ಆದರೆ ಬಿ-12 ಜೀವಸತ್ವ ಸೊಪ್ಪಿನಲ್ಲೂ ಇಲ್ಲ, ಬೀಜದಲ್ಲೂ ಇಲ್ಲ. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನುಗಳೇ ಬೇಕು. ತೀವ್ರ ರಕ್ತಹೀನತೆ ಇದ್ದವರು ಸೊಪ್ಪನ್ನು ನಂಬಿ ಆಸ್ಪತ್ರೆಯನ್ನು ಬಿಡುವಂತಿಲ್ಲ.

ಈಗ ಅಜ್ಜಿಯ ಊಟಕ್ಕೆ ಬರೋಣ. ಅಂದು ಬಡಿಸಿದ್ದು ಹರಿವೆ ಸೊಪ್ಪು ಮತ್ತು ಹಲಸಿನ ಬೀಜದ ಹುಳಿ, ಒಂದೆಲಗದ ತಂಬುಳಿ, ಪತ್ರೊಡೆ. ಹುಳಿಯಲ್ಲಿ ಎಲೆ ಮತ್ತು ಬೀಜ ಒಂದೇ ಪಾತ್ರೆಯಲ್ಲಿ ಬೆಂದಿದ್ದವು. ಅದರಲ್ಲಿದ್ದ ಕಾಯಿಯ ಕೊಬ್ಬು ಎಲೆಯ ಕ್ಯಾರೋಟೀನನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ತಂಬುಳಿಯ ಎಲೆಯನ್ನು ಹಸಿಯಾಗಿಯೇ ಅರೆದಿದ್ದರಿಂದ ಸಿ ಜೀವಸತ್ವ ಬೆಂಕಿಗೆ ಬಲಿಯಾಗಿರಲಿಲ್ಲ. ಪತ್ರೊಡೆಯಲ್ಲಂತೂ ನೆನೆಸಿ ಅರೆದ ಅಕ್ಕಿ-ಬೇಳೆಯ ಹಿಟ್ಟನ್ನು ಕೆಸುವಿನ ಎಲೆಗೇ ಸವರಿ ಸುತ್ತಲಾಗಿತ್ತು. ಗಂಟಲು ತುರಿಸದಂತೆ ಹುಣಸೆಹುಳಿಯೂ ಸೇರಿತ್ತು. ಊಟ ಮುಗಿಸಿ ಎದ್ದ ಹುಡುಗನಿಗೆ ಅಜ್ಜಿ ಹೇಳಿದ್ದು ಇಷ್ಟೇ: "ಯಾವುದು ಮೇಲು ಅಂತ ನಾವು ಯಾವತ್ತೂ ಕೇಳಲಿಲ್ಲ ತಮ್ಮಾ. ಎರಡನ್ನೂ ಹಾಕಿದೆವು."

ಚಿಂತೆಯಿರುವುದು ಇಲ್ಲಿಂದ ಮುಂದೆ. ಎರಡನ್ನೂ ಹಾಕಲು ಎರಡೂ ಇರಬೇಕಲ್ಲ? ಗದ್ದೆಗಳು ಅಡಿಕೆ ತೋಟಗಳಾದಂತೆ ಭತ್ತದ ನಂತರ ಬಿತ್ತುತ್ತಿದ್ದ ಉದ್ದು, ಹೆಸರು, ಅಲಸಂದೆಗಳು ಹೋದವು. ಗದ್ದೆಯ ಬದುವಿನ ಒಂದೆಲಗ, ಹೊನಗೊನ್ನೆಗಳು ಅವುಗಳ ಹಿಂದೆಯೇ ಹೊರಟಿವೆ. ತೋಟದಲ್ಲಿ ಉಳಿದದ್ದನ್ನು ಕಳೆನಾಶಕ ಸುಡುತ್ತಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಅಡಿಕೆ ಮರದ ಕೆಳಗಿನ ಸೊಪ್ಪಿನ ಮೇಲೂ ಬೀಳುತ್ತದೆ. ಕೆಮ್ಮಣ್ಣು ಮೆತ್ತಿ ಮಳೆಗಾಲಕ್ಕೆಂದು ಕಾಪಿಡುತ್ತಿದ್ದ ಹಲಸಿನ ಬೀಜ ಈಗ ಮರದಡಿಯಲ್ಲಿ ಕೊಳೆಯುತ್ತದೆ. ಅಡಿಕೆಯ ಹಣದಲ್ಲಿ ನಾವು ದೂರದೂರಿನ ಬೀಜದ ಪೊಟ್ಟಣ ತರುತ್ತೇವೆ.

ಚಿಯಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೂಲತಃ ಮೆಕ್ಸಿಕೋ ಕಡೆಯದಾದ ಅದನ್ನು ನಮ್ಮ ಮೈಸೂರು ಸೀಮೆಯ ರೈತರೂ ಬೆಳೆಯುತ್ತಿದ್ದಾರೆ. ಒಣಬೀಜಕ್ಕೆ ಪೇಟೆಯ ಬೆಂಬಲವಿದೆ ಎಂಬುದಷ್ಟೇ ನನ್ನ ಮಾತು. ಅದು ಕೆಡುವುದಿಲ್ಲ, ತೂಗಬಹುದು, ದೂರ ಸಾಗಿಸಬಹುದು. ಕೊಯ್ದ ಮರುದಿನವೇ ಬಾಡುವ ಸೊಪ್ಪಿನ ಪರವಾಗಿ ಜಾಹೀರಾತು ಕೊಡುವವರಿಲ್ಲ. ಅದರ ಪರವಾಗಿ ಮಾತಾಡಬೇಕಾದವರು ಅದು ಬೆಳೆಯುವ ನೆಲದಲ್ಲಿರುವ ನಾವು.

ಮಾಡಬೇಕಾದದ್ದು ದೊಡ್ಡದೇನಲ್ಲ. ತೋಟದ ಸಿಂಪಡಣೆಯಿಂದ ದೂರವಾಗಿ, ಬಚ್ಚಲ ನೀರು ಹರಿಯುವ ಕಡೆ ಒಂದು ಮಡಿ ಸೊಪ್ಪು ಬೆಳೆಯೋಣ. ಬದುವಿನ ಒಂದು ಭಾಗಕ್ಕಾದರೂ ಕಳೆನಾಶಕ ಹೊಡೆಯದೆ ಬಿಡೋಣ. ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜಿಯರ ಬಳಿ ಕುಳಿತು, ಊರಿನ ತಿನ್ನುವ ಸೊಪ್ಪುಗಳ ಹೆಸರು, ಕಾಲ, ಅಡುಗೆಯ ಕ್ರಮಗಳನ್ನು ಬರೆದಿಡಲಿ. ಕಾಡುಸೊಪ್ಪನ್ನು ಬಲ್ಲವರು ತೋರಿಸಿದ ಮೇಲೆ ಮಾತ್ರ ಕೊಯ್ಯಲಿ.

ಇನ್ನೊಂದು ಮಾತು. ಹರಿವೆಯ ಮಡಿಯಲ್ಲಿ ಎಲ್ಲ ಗಿಡಗಳನ್ನೂ ಕಿತ್ತು ಸಾರಿಗೆ ಹಾಕಬೇಡಿ. ಬಲಿಷ್ಠವಾದ ನಾಲ್ಕು ಗಿಡಗಳನ್ನು ತೆನೆ ಬಲಿಯುವವರೆಗೆ ಬಿಡಿ. ಒಣಗಿದ ತೆನೆಯನ್ನು ಉಜ್ಜಿ, ಬೂದಿ ಬೆರೆಸಿ, ತೇವ ತಾಗದ ಕಡೆ ಇಡಿ. ನೆರೆಮನೆಗೂ ಒಂದು ಚಿಟಿಕೆ ಕೊಡಿ. ಮುಂದಿನ ವರ್ಷ ಸೊಪ್ಪು ಬೇಕೆನ್ನುವವರು ಈ ವರ್ಷ ಬೀಜ ಉಳಿಸಲೇಬೇಕು.