ಎಲೆ ತಿರುಗಿಸಿ ನೋಡುವವರು ಯಾರು?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಬೋರ್‌ವೆಲ್ ಹೊಲದ ಬೀನ್ಸಿಗೆ ಮೂರು ವಾರದಲ್ಲಿ ನಾಲ್ಕು ಸಲ ಔಷಧಿ ಹೊಡೆದೆವು. ಹೊಡೆದಷ್ಟೂ ಗಿಡ ಕೆಟ್ಟಿತು. ಮೊದಲು ಎಲೆ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ, ಆಮೇಲೆ ಎಲೆಯೆಲ್ಲ ಧೂಳು ಮೆತ್ತಿದ ಕಂಚಿನ ಬಣ್ಣ, ಕೊನೆಗೆ ಕುಡಿಯಲ್ಲಿ ನವಿರಾದ ಬಲೆ. ಅಂಗಡಿಯಲ್ಲಿ ಮೊಬೈಲ್ ಫೋಟೊ ತೋರಿಸಿದರೆ "ಹುಳ ಬಿದ್ದದೆ ಕಣಣ್ಣ, ಇದನ್ನ ಹೊಡೀರಿ" ಅಂತ ಎರಡು ಬಾಟಲ್ ಕೊಟ್ಟರು. ಮುಂದಿನ ವಾರ ಇನ್ನೂ ಎರಡು. ಕೊನೆಗೆ ಕಳೆ ಕೀಳಲು ಬಂದಿದ್ದ ಅಜ್ಜಿಯೊಬ್ಬರು ಎಲೆ ಕಿತ್ತು ಮಗುಚಿ ಹಿಡಿದು, "ಇದು ಹುಳ ಅಲ್ಲ ಕಣ್ಮಗ, ನುಸಿ" ಅಂದರು. ಕೃಷಿ ಸುದ್ದಿ ಬರೆಯುವವರ ಮನೆಯಲ್ಲೇ ಹೀಗಾಯಿತು ಎಂದು ಹೇಳಿಕೊಳ್ಳಲು ನಮಗೆ ನಾಚಿಕೆಯೇ.

ನುಸಿ ಅಂದರೆ ನಮ್ಮ ಕಡೆ ಎಲ್ಲರಿಗೂ ತೆಂಗಿನ ನುಸಿ ನೆನಪಾಗುತ್ತದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ತೋಟಗಳಿಗೂ ಬಂದು ಕಾಯಿಯನ್ನು ಸೀಳಿಸಿ ಸಣ್ಣಗೆ ಮಾಡಿದ್ದು ಅದು. ಬೀನ್ಸ್, ಬೆಂಡೆ, ಬದನೆ, ಟೊಮೆಟೊ, ಚೆಂಡು ಹೂವಿಗೆ ಬರುವುದು ಬೇರೆ ಜಾತಿ, ಜೇಡ ನುಸಿ. ಅರ್ಧ ಮಿಲಿಮೀಟರ್ ಉದ್ದವೂ ಇರುವುದಿಲ್ಲ, ಬೆಳೆದದ್ದಕ್ಕೆ ಎಂಟು ಕಾಲು. ಅಂದರೆ ಇದು ಕೀಟವೇ ಅಲ್ಲ, ಜೇಡ, ಉಣ್ಣೆ, ಚೇಳಿನ ಬಳಗ. ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ಬಿಸಿಲು ಜೋರಾಗಿದ್ದು ಗಾಳಿ ಒಣಗಿದ್ದರೆ ಮೊಟ್ಟೆ ಎಂಟು ಹತ್ತು ದಿನದಲ್ಲಿ ದೊಡ್ಡ ನುಸಿಯಾಗುತ್ತದೆ. ಒಂದು ಹೆಣ್ಣು ನೂರರ ಆಸುಪಾಸು ಮೊಟ್ಟೆ ಇಡಬಲ್ಲದು. ಲೆಕ್ಕ ನೀವೇ ಹಾಕಿ.

ನಮಗೆ ಕೊಟ್ಟ ಬಾಟಲಿಗಳಲ್ಲಿ ಒಂದು ಪೈರೆಥ್ರಾಯ್ಡ್, ಇನ್ನೊಂದು ಇಮಿಡಾಕ್ಲೋಪ್ರಿಡ್. ಎರಡೂ ಕೀಟಕ್ಕೆ ಮಾಡಿದ ಔಷಧಿ. ಹೊಲದಲ್ಲಿ ನುಸಿಯನ್ನು ತಿಂದು ಬದುಕುವವು ಇರುತ್ತವೆ: ಸಾಸಿವೆ ಕಾಳಿನಷ್ಟು ಚಿಕ್ಕ ಕರಿ ಗುಲಗಂಜಿ ಹುಳ, ನುಸಿಯನ್ನೇ ತಿನ್ನುವ ಇನ್ನೊಂದು ಜಾತಿಯ ನುಸಿ. ಪೈರೆಥ್ರಾಯ್ಡ್ ಹೊಡೆದರೆ ಸಾಯುವುದು ಹೆಚ್ಚಾಗಿ ಅವೇ. ಇಮಿಡಾಕ್ಲೋಪ್ರಿಡ್ ಹೊಡೆದ ಮೇಲೆ ನುಸಿ ಹೆಚ್ಚಾದದ್ದನ್ನು ಹಲವು ಬೆಳೆಗಳಲ್ಲಿ ಸಂಶೋಧಕರು ಕಂಡಿದ್ದಾರೆ. ಹಾಗಾಗಿ ನಾವು ದುಡ್ಡು ಕೊಟ್ಟು ನುಸಿ ಸಾಕಿದೆವು ಅಂದರೂ ತಪ್ಪಿಲ್ಲ.

ಅಂಗಡಿಯವರನ್ನು ಮಾತ್ರ ಬೈದರೆ ನ್ಯಾಯ ಆಗುವುದಿಲ್ಲ. ಅವರ ಬಳಿಗೆ ಹೋಗಿದ್ದು ನಾವೇ, ಬೇರೆ ಎಲ್ಲಿಗೆ ಹೋಗಬೇಕು ಎಂದು ತೋಚದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸುತ್ತುವ ನಮಗೆ ಇದು ಎದ್ದು ಕಾಣುತ್ತದೆ. ಹೊಗೆಸೊಪ್ಪು ಬೆಳೆಯುವವನಿಗೆ ತಂಬಾಕು ಮಂಡಳಿ ಇದೆ, ಬ್ಯಾರನ್ ನೋಂದಣಿ ಇದೆ, ಹರಾಜು ಕಟ್ಟೆ ಇದೆ, ಹುಣಸೂರಿನಲ್ಲೇ ತಂಬಾಕು ಸಂಶೋಧನಾ ಕೇಂದ್ರ ಇದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ, ಅಂದಿನಿಂದಲೂ ಹೊಗೆಸೊಪ್ಪು ಬಿಡಿ, ತರಕಾರಿ ಬೆಳೆಯಿರಿ, ಹಣ್ಣು ಬೆಳೆಯಿರಿ ಎನ್ನುವ ಮಾತು ಕೇಳುತ್ತಲೇ ಇದ್ದೇವೆ. ಸ್ಟ್ರಾಬೆರಿ ಬೆಳೆದು ಲಕ್ಷ ಎಣಿಸಿ ಎನ್ನುವ ವಿಡಿಯೊ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಸ್ಟ್ರಾಬೆರಿಯ ದೊಡ್ಡ ಶತ್ರುಗಳಲ್ಲಿ ಇದೇ ಜೇಡ ನುಸಿಯೂ ಒಂದು ಎಂದು ಆ ವಿಡಿಯೊದಲ್ಲಿ ಯಾರೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ರೈತರು ನುಸಿ ತಿನ್ನುವ ನುಸಿಯನ್ನು ಕೊಂಡು ತಂದು ಹೊಲಕ್ಕೆ ಬಿಡುತ್ತಾರೆ. ನಮ್ಮಲ್ಲಿ ಬೆಳೆ ಬದಲಿಸಿದವನಿಗೆ ಸಿಗುವುದು ಅಂಗಡಿಯ ಕೌಂಟರ್.

ಹೋಬಳಿಯ ರೈತ ಸಂಪರ್ಕ ಕೇಂದ್ರ ಕೃಷಿ ಇಲಾಖೆಯದು, ತರಕಾರಿ ತೋಟಗಾರಿಕೆ ಇಲಾಖೆಯದು. ಬೀನ್ಸ್ ಎಲೆ ಹಿಡಿದು ಹೋದವನು ಈ ಎರಡರ ನಡುವೆ ನಿಲ್ಲುತ್ತಾನೆ. ವಿದ್ಯೆ ಇಲ್ಲ ಅಂತಲ್ಲ. ದೇಶದ ಬೆಳೆ ನುಸಿಗಳ ಸಂಶೋಧನಾ ಜಾಲವನ್ನು ನಡೆಸಿದ್ದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಆ ವಿದ್ಯೆ ಜಿಕೆವಿಕೆಯಿಂದ ಹೊರಟು ನಮ್ಮ ಹೋಬಳಿಗೆ ಬಂದು ಇಳಿಯುವುದಿಲ್ಲ, ಅಷ್ಟೇ. ನುಸಿಗೆ ಡೈಕೋಫಾಲ್ ಹೊಡೆಯಿರಿ ಎನ್ನುವ ಹಳೆಯ ಕೈಪಿಡಿಗಳು ಇನ್ನೂ ಓಡಾಡುತ್ತಿವೆ. ಡೈಕೋಫಾಲನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ.

ನಾವು ಕೇಳುವುದು ದೊಡ್ಡದೇನಲ್ಲ. ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಭೂತಗನ್ನಡಿ ಇಟ್ಟುಕೊಂಡು ಎಲೆ ನೋಡುವ ಒಬ್ಬರು ರೈತ ಸಂಪರ್ಕ ಕೇಂದ್ರದಲ್ಲಿ ಕೂರಲಿ, ಯಾವ ಇಲಾಖೆಯವರಾದರೂ ಸರಿ. ಅಂಗಡಿಯವರು ಬಿಲ್ ಕೊಡಲೇಬೇಕು ಎಂದು ನಿಯಮವೇ ಇದೆ. ಆ ಬಿಲ್ಲಿನಲ್ಲಿ ಔಷಧಿಯ ಹೆಸರಿನ ಪಕ್ಕ ಯಾವ ಪೀಡೆಗೆ ಕೊಟ್ಟಿದ್ದು ಎಂದೂ ಬರೆಯಲಿ. ಬರೆಯಬೇಕಾದಾಗ ಮನುಷ್ಯ ಒಂದು ಗಳಿಗೆ ಯೋಚಿಸುತ್ತಾನೆ.

ಅಲ್ಲಿಯವರೆಗೆ ನಮಗೆ ನಾವೇ. ಎಲೆ ಕಿತ್ತು ಅಡಿಭಾಗವನ್ನು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಬಿಳಿ ಹಾಳೆಯ ಮೇಲೆ ಎಲೆ ಕೊಡವಿದಾಗ ಬಿದ್ದ ಚುಕ್ಕೆ ನಡೆದಾಡಿದರೆ ಅದು ನುಸಿ. ಮೆಣಸಿನ ಗಿಡದಲ್ಲಿ ಎಲೆ ಮೇಲಕ್ಕೆ ಮುಟುರಿಕೊಂಡರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮಡಚಿಕೊಂಡರೆ ನುಸಿ, ಎರಡಕ್ಕೂ ಔಷಧಿ ಬೇರೆ. ಧೂಳು ಹಾರುವ ದಾರಿ ಪಕ್ಕದ ಸಾಲಿನಲ್ಲಿ ಮೊದಲು ಹುಡುಕಿ. ಶುರುವಿನಲ್ಲೇ ಸಿಕ್ಕರೆ ಆ ಎಲೆಗಳನ್ನು ಕಿತ್ತು ಸುಟ್ಟು, ಉಳಿದ ಗಿಡದ ಎಲೆಯಡಿಗೆ ನೀರನ್ನೇ ರಭಸವಾಗಿ ಹೊಡೆದರೂ ಎಷ್ಟೋ ಕಡಿಮೆಯಾಗುತ್ತದೆ. ಮೀರಿದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ಸಂಜೆ ಹೊತ್ತು. ಸುಡು ಬಿಸಿಲಲ್ಲಿ ಹೊಡೆದರೆ, ಎಣ್ಣೆ ಔಷಧಿಯ ಜೊತೆ ಬೆರೆಸಿದರೆ ಎಲೆ ಸುಟ್ಟೀತು. ಅದಕ್ಕೂ ಬಗ್ಗದಿದ್ದರೆ ಮಾತ್ರ ನುಸಿನಾಶಕ, ಅದೂ ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿದ್ದರೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆಯಬೇಡಿ, ನುಸಿ ಬೇಗ ಒಗ್ಗಿಕೊಳ್ಳುತ್ತದೆ. ಅನುಮಾನ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಮ್ಮ ಬೀನ್ಸ್ ಉಳಿಯಲಿಲ್ಲ. ಗಿಡ ಕಿತ್ತು ಸುಟ್ಟೆವು. ಈ ಸಲ ಬಿತ್ತುವಾಗ ಆ ಅಜ್ಜಿಯನ್ನೇ ಕರೆದಿದ್ದೇವೆ, ವಾರಕ್ಕೊಮ್ಮೆ ಬಂದು ಎಲೆ ನೋಡಿ ಹೋಗಲು. ಕೂಲಿ ಕೊಡುತ್ತೇವೆ ಅಂದರೆ, "ಎಲೆ ನೋಡೋಕ್ಕೂ ಕೂಲಿಯಾ?" ಅಂತ ನಕ್ಕರು.