ಮುತ್ಯಾನ ಫೋನಿಗೆ ಒಂದು ಪಿನ್ನು

2020ರ ಅಕ್ಟೋಬರ್. ಆಫೀಸಿನವರು ಇನ್ನೂ ವಾಪಸ್ ಕರೆದಿರಲಿಲ್ಲ, ಅಫಜಲಪುರದ ಮನೆಯಿಂದಲೇ ನನ್ನ ಕೆಲಸ ನಡೆದಿತ್ತು. ಮಹಾರಾಷ್ಟ್ರದ ಕಡೆ ಮಳೆ ಹೊಡೆದು, ಉಜನಿ ಡ್ಯಾಮಿನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಲಕ್ಷಗಟ್ಟಲೆ ಕ್ಯುಸೆಕ್ ಹರಿದು ಬರುತ್ತಿತ್ತು. ಭೀಮಾ ದಂಡೆಯ ಊರುಗಳ ಜನ ಕಾಳಜಿ ಕೇಂದ್ರಗಳಿಗೆ, ಬೀಗರ ಮನೆಗಳಿಗೆ ಬಂದು ಸೇರಿದ್ದರು. ಕರೆಂಟಿಲ್ಲ. ನಮ್ಮ ಓಣಿಯಲ್ಲಿ ಇನ್ವರ್ಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಸಂಜೆ ಒಬ್ಬ ಮುತ್ಯಾ ಕೀಪ್ಯಾಡ್ ಫೋನ್ ಹಿಡಿದು ಬಂದ. ಮಗ ಪುಣೆಯಲ್ಲಿ ದುಡಿಯುತ್ತಾನೆ, ಫೋನ್ ಮಾಡ್ತೀನಿ ಅಂದಿದ್ದಾನೆ, ಚಾರ್ಜ್ ಇಲ್ಲ. ಅವ್ವ ಕೂಡಲೇ ಪಿನ್ನಿಗೆ ಹಚ್ಚಿದಳು. ಮುತ್ಯಾ ಆಮೇಲೆ ಬರ್ತೀನಿ ಅಂತ ಹೋದ. ಅವನ ಹಿಂದೆ ಇನ್ನೂ ಮೂವರು ಬಂದರು.

ಅವತ್ತು ರಾತ್ರಿ ನನ್ನದು ರಿಲೀಸ್ ಇತ್ತು. ಅವ್ವ ಒಲೆ ಮುಂದೆ ಕೂತಾಗ ನಾಲ್ಕೂ ಫೋನ್ ಕಿತ್ತಿಟ್ಟೆ.

"ಯಾಕೋ ತಗದಿ?"

"ಬ್ಯಾಟರಿ ಹೋದ್ರ ನನ್ನ ನೌಕರಿ ಹೋಗ್ತದವ್ವ. ಮುಂಜಾನೆ ಹಚ್ಚೂಣು."

ಅವ್ವ ಮಾತಾಡಲಿಲ್ಲ. ನಾನು ಎರಡು ಗಂಟೆಗೆ ಕೆಲಸ ಮುಗಿಸಿ ಮಲಗಿದೆ.

ಮುಂಜಾನೆ ಹತ್ತರ ಸುಮಾರಿಗೆ ಮುತ್ಯಾನ ಮಗ ನಮ್ಮ ಬಾಗಿಲಿಗೆ ಬಂದ. ರಾತ್ರಿಯೆಲ್ಲ ಫೋನ್ ಸ್ವಿಚ್ ಆಫ್ ಅಂತ ಬಂದದ್ದಕ್ಕೆ ಅಪ್ಪ ನೀರಿನ ಪಾಲಾದ ಅಂತಲೇ ತಿಳಿದು, ಲಾರಿ ಹತ್ತಿ, ಉಳಿದ ದಾರಿ ನಡೆದು ಬಂದಿದ್ದ. ಅಪ್ಪನನ್ನು ನೋಡಿದವನೇ ಮೆಟ್ಟಿಲ ಮೇಲೆ ಕೂತು ಅತ್ತ. ಮುತ್ಯಾ ನನಗೆ ಬೈಯಲಿಲ್ಲ. "ನಿಂದೂ ಕೆಲ್ಸ ಇತ್ತಲ್ಲಪಾ," ಅಂದ. ಬೈದಿದ್ದರೆ ಒಂದು ನಮೂನಿ ಸಮಾಧಾನ ಆಗುತ್ತಿತ್ತು.

ಆಮೇಲೆ ಲೆಕ್ಕ ಹಾಕಿದೆ. (ಎಂಜಿನಿಯರ್ ನೋಡಿ, ಎಲ್ಲ ಮುಗಿದ ಮೇಲೆ ಲೆಕ್ಕ.) ನಮ್ಮದು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ. ಅರ್ಧ ಚಾರ್ಜ್ ಅಂತ ಹಿಡಿದು, ಇನ್ವರ್ಟರಿನಲ್ಲಿ ಹೋಗುವ ನಷ್ಟ ಕಳೆದರೂ 700 ವ್ಯಾಟ್-ಅವರ್ ಸಿಗುತ್ತದೆ. ಲ್ಯಾಪ್‌ಟಾಪಿಗೆ 65 ವ್ಯಾಟ್, ನಾಲ್ಕು ಫೋನಿಗೆ ಹೆಚ್ಚೆಂದರೆ 40. ಆರು ತಾಸು ಆರಾಮ ಓಡುತ್ತಿತ್ತು. ಕೀಪ್ಯಾಡ್ ಫೋನ್ ಅಂತೂ ಲೆಕ್ಕಕ್ಕೇ ಇಲ್ಲ. ನನಗೆ ಕೊರತೆ ಇರಲೇ ಇಲ್ಲ, ಹೆದರಿಕೆ ಇತ್ತು.

ಸಣ್ಣವನಿದ್ದಾಗಿಂದ ಸಂಡೆ ಸ್ಕೂಲಿನಲ್ಲಿ ಒಳ್ಳೆಯ ಸಮಾರ್ಯದವನ ಕಥೆ ಕೇಳಿದವನು ನಾನು. ಗಾಯಗೊಂಡವನನ್ನು ನೋಡಿಯೂ ದಾಟಿ ಹೋದ ಯಾಜಕ, ಲೇವಿಯರನ್ನು ಕೆಟ್ಟವರು ಅಂತಲೇ ತಿಳಿದಿದ್ದೆ. ಪಾಪ, ಅವರಿಗೂ ಏನೋ ರಿಲೀಸ್ ಇದ್ದಿರಬೇಕು! ಲೂಕನ ಸುವಾರ್ತೆಯ ಆ ಭಾಗ ಮತ್ತೆ ಓದಿದಾಗ ಇನ್ನೊಂದು ಕಂಡಿತು: ಸಮಾರ್ಯದವನು ತನ್ನ ಪ್ರಯಾಣ ಬಿಡಲಿಲ್ಲ. ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂತ ಹೇಳಿ ಮುಂದೆ ಹೋದ. ಅವನ ಕೆಲಸವೂ ಆಯಿತು. ಒಂದು ರಾತ್ರಿ ತಡವಾಯಿತು, ಅಷ್ಟೆ.

ಆಫೀಸಿನಲ್ಲಿ ನಾನು ಭಾಳ ಒಳ್ಳೆಯವನು. ದೀಪಾವಳಿಗೆ, ಯುಗಾದಿಗೆ ಯಾರದೇ ಆನ್-ಕಾಲ್ ಇರಲಿ, ನಾನು ತಗೋತೀನಿ. ಗ್ರೂಪಿನಲ್ಲಿ ಕೈಮುಗಿದ ಎಮೋಜಿ ಸಾಲಾಗಿ ಬರುತ್ತವೆ. ಸುಳ್ಳ್ಯಾಕೆ, ಅದು ನನಗೆ ಇಷ್ಟ. ಆದರೆ ಮುತ್ಯಾನ ಫೋನಿಗೆ ಎಮೋಜಿ ಬರುವುದಿಲ್ಲ. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನು, ಹೊಗಳಿಕೆಯ ಆಸೆಯಿಂದ ಏನನ್ನೂ ಮಾಡಬೇಡಿ ಎಂಬ ಮಾತನ್ನೂ ಇತರರ ಹಿತ ನೋಡಿ ಎಂಬ ಮಾತನ್ನೂ ಒಂದರ ಬೆನ್ನಿಗೊಂದು ಯಾಕೆ ಇಟ್ಟಿದ್ದಾನೆ ಅಂತ ಈಗ ಸ್ವಲ್ಪ ತಿಳಿಯುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಮತ್ತೆ ಉಕ್ಕಿದಾಗ ನಾನು ಬೆಂಗಳೂರಿನಲ್ಲಿದ್ದೆ. ಅವ್ವನಿಗೆ ಫೋನ್ ಮಾಡಿ ಇನ್ವರ್ಟರ್ ಹೆಂಗದ ಅಂತ ಕೇಳಿದೆ.

"ಎಂಟು ಫೋನ್ ಹಚ್ಚೀನಿ. ನಂದು ಆಮ್ಯಾಲ. ಈಗ ಇಡು, ಚಾರ್ಜ್ ಕಮ್ಮಿ ಅದ."